ಫಾರ್ಗೋ ಗಾಡಿಯ ಮುಂದಿನ ಶಾಕು

ಹದಿನಾರು ಗ್ರಾಮ, ನಂಜನಗೂಡು ತಾಲ್ಲೂಕು
೯ ಜೂನ್ ೨೦೨೪

ಸೋದರಮಾವ ಹುಚ್ಚಯ್ಯನವರಿಗೆ ಸೋದರಳಿಯ ಚಿಕ್ಕಮಾದು ಮಾಡುವ ನಮಸ್ಕಾರ.

ಇಲ್ಲಿ ಎಲ್ಲರೂ ಕ್ಷೇಮ, ಗಾಡಿಯೊಂದು ಬಿಟ್ಟು.

ಒಂಬತ್ತು ವರ್ಷದ ಮೇಲೆ ನನ್ನ ಅಕ್ಷರ ಕಂಡು ಗಾಬರಿಯಾಗಬೇಡಿ, ಯಾರೂ ಸತ್ತಿಲ್ಲ. ಅವತ್ತು ಹುಣಸೆಮರದ ಕೆಳಗೆ ಎಲ್ಲರೆದುರು ನಾನು ಅಂದದ್ದು, ‘ಇನ್ನು ನಿಮ್ಮ ಜೊತೆ ಮಾತಾಡಿದರೆ ನಾನು ನಮ್ಮಪ್ಪನ ಮಗನೇ ಅಲ್ಲ’ ಎಂದು. ಆ ಮಾತಿಗೆ ಈಗಲೂ ಬದ್ಧ. ಫೋನಿನಲ್ಲಿ ಆಡಿದರೂ ಮಾತು ಮಾತೇ. ಆದರೆ ಕಾಗದ ಬರೆಯುವುದರ ಬಗ್ಗೆ ನಾನು ಅವತ್ತು ಏನೂ ಹೇಳಿರಲಿಲ್ಲ, ಬೇಕಾದರೆ ಅಲ್ಲಿದ್ದವರನ್ನು ಕೇಳಿ. ನಮ್ಮಪ್ಪನ ಫಾರ್ಗೋ ಪಿಕಪ್ಪನ್ನು ನೀವು ‘ಗುಜರಿ’ ಅಂದಿರಲ್ಲ, ಆ ಪದ ವಾಪಸ್ ತೆಗೆದುಕೊಳ್ಳುವವರೆಗೆ ನನ್ನ ಬಾಯಿಗೆ ಹಾಕಿದ ಬೀಗ ಹಾಕಿದ್ದೇ.

ವಿಷಯಕ್ಕೆ ಬರುತ್ತೇನೆ. ಆ ಗಾಡಿಯನ್ನು ನಾಲ್ಕು ಇಂಚು ತಗ್ಗಿಸಿದ್ದೇನೆ. ಹುಡುಗರ ಹಾಗೆ ಶೋಕಿಗಲ್ಲ, ಅವ್ವನಿಗೋಸ್ಕರ. ಅವಳಿಗೀಗ ಎಂಬತ್ತೆರಡು, ಮಂಡಿ ಮಡಿಸಲು ಆಗುವುದಿಲ್ಲ. ಆದರೂ ಆರು ತಿಂಗಳಿಂದ ಒಂದೇ ಹಟ, ಆ ಗಾಡಿಯ ಮುಂದಿನ ಸೀಟಿನಲ್ಲಿ ಕೂರಬೇಕು ಅಂತ. ಎತ್ತಿ ಕೂರಿಸುತ್ತೇನೆ ಅಂದರೆ “ನನ್ನ ಎತ್ತೋದು ಒಂದೇ ಸಲ ಕಣ್ಲಾ. ಅವತ್ತು ನಾಕ್ ಜನ ಬನ್ನಿ” ಅಂದಳು. ಸ್ಟೂಲು ಇಟ್ಟರೆ “ನಾನೇನು ತೆಂಗಿನಕಾಯಿ ಕೀಳಕ್ಕೆ ಒಂಟಿದ್ದೀನಾ” ಅಂದಳು. ಆಟೋ ತರಿಸಿದೆ, ತಿರುಗಿ ಕೂಡ ನೋಡಲಿಲ್ಲ. ಕೊನೆಗೆ ಕವಲಂದೆಯ ವೆಲ್ಡಿಂಗ್ ಮಹಾದೇವಸ್ವಾಮಿ, “ಅವ್ವ ಮೇಲಕ್ಕೆ ಓಗಲ್ಲ ಅಂದ್ರೆ ಗಾಡೀನೇ ಕೆಳಕ್ಕೆ ತರಾಣ ಸಾ” ಅಂತ ಹೇಳಿ, ಸ್ಪ್ರಿಂಗಿನ ಪ್ಲೇಟು ಕಡಿಮೆ ಮಾಡಿ ಇಳಿಸಿಕೊಟ್ಟ. ಈಗ ಅವ್ವ ಬಾಗಿಲು ಹಿಡಿದು, ಬೆನ್ನು ತಿರುಗಿಸಿ ಕೂತು, ಕಾಲುಗಳನ್ನು ತಾನೇ ಒಳಗೆಳೆದುಕೊಳ್ಳುತ್ತಾಳೆ. ಯಾರೂ ಮುಟ್ಟಬೇಕಾಗಿಲ್ಲ.

ತೊಂದರೆ ಇರುವುದು ಮುಂದಿನ ಶಾಕ್ ಅಬ್ಸಾರ್ಬರುಗಳಲ್ಲಿ. ಈ ಗಾಡಿಗೆ ಮೊದಲಿಂದ ಇದ್ದ ಅಳತೆಯ ಹೊಸ ಶಾಕುಗಳನ್ನೇ ಹಾಕಿಸಿದೆ. ಸಣ್ಣ ಹಳ್ಳ ಬಂದರೂ ಢಬ್ ಅಂತ ಹೊಡೆಯುತ್ತದೆ. ಅವ್ವನನ್ನು ಕೂರಿಸಿಕೊಂಡು ಕೆರೆ ಏರಿಯವರೆಗೆ ಹೋದೆ. ಮೂರನೇ ಹಳ್ಳಕ್ಕೆ ಅವಳ ಬಾಯಲ್ಲಿದ್ದ ಎಲೆಅಡಿಕೆ ಮುಂದಿನ ಗಾಜಿಗೆ ಹೋಗಿ ಅಂಟಿತು. “ಗಾಡಿ ಸರಿಯಾಗಗಂಟ ಇದ್ರೊಳಕ್ಕೆ ಕಾಲಿಡಕಿಲ್ಲ” ಅಂತ ಅಲ್ಲೇ ಇಳಿದು ನಡೆದಳು. ಅವಳ ನಡಿಗೆ ಅಂದರೆ ಅರ್ಧ ಫರ್ಲಾಂಗಿಗೆ ಒಂದು ಗಂಟೆ. ಅವಳ ಪಕ್ಕದಲ್ಲಿ ನಾನು ಫಸ್ಟ್ ಗೇರಿನಲ್ಲಿ. ಊರಿಗೆ ಊರೇ ನಿಂತು ನೋಡಿತು.

ಜಾಕ್ ಹಾಕಿ ಎತ್ತಿ ಅಳೆದಿದ್ದೇನೆ. ಶಾಕಿನ ಮೇಲಿನ ಬೋಲ್ಟಿನಿಂದ ಕೆಳಗಿನ ಬೋಲ್ಟಿಗೆ ಹದಿನೇಳು ಇಂಚು. ಸರಿಯಾದ ಶಾಕು ಯಾವುದು ಅಂತ ಬರೆದು ತಿಳಿಸಿ. ಬರಬೇಕಾಗಿಲ್ಲ.

ಇಂತಿ,
ಚಿಕ್ಕಮಾದು
ನಿವೃತ್ತ ಬಸ್ ಡ್ರೈವರ್ (ಮೂವತ್ತೊಂದು ವರ್ಷ, ಒಂದೂ ಆಕ್ಸಿಡೆಂಟ್ ಇಲ್ಲ)


ಸೋಮನಾಥಪುರ
೧೬ ಜೂನ್ ೨೦೨೪

ಮಾದೂಗೆ,

ಕಾಗದ ತಲುಪಿತು. ನಿನ್ನ ಕ್ಷೇಮ ಕೇಳುವಷ್ಟು ಸಲಿಗೆ ಈಗ ನಮ್ಮಲ್ಲಿ ಉಳಿದಿಲ್ಲ, ಆದ್ದರಿಂದ ನೇರವಾಗಿ ಗಾಡಿಯ ಕ್ಷೇಮಕ್ಕೆ ಬರುತ್ತೇನೆ.

ಜಾಕ್ ಹಾಕಿ ಅಳೆದೆಯಾ? ಮೂವತ್ತೊಂದು ವರ್ಷ ಬಸ್ಸು ಓಡಿಸಿದವನು ಒಂದು ದಿನವೂ ಬಸ್ಸಿನ ಕೆಳಗೆ ಬಗ್ಗಿ ನೋಡಲಿಲ್ಲ ಅಂತ ನನಗೆ ಗೊತ್ತಿತ್ತು, ಆದರೆ ಇಷ್ಟು ಅಂತ ಗೊತ್ತಿರಲಿಲ್ಲ. ಚಕ್ರ ಗಾಳಿಯಲ್ಲಿದ್ದಾಗ ಅಚ್ಚು ಕೆಳಕ್ಕೆ ಜೋಲುತ್ತದೆ. ಅದು ಜೋಲುವ ಅಳತೆ, ನಿಂತ ಅಳತೆಯಲ್ಲ. ಉಸಿರೆಳೆದು ಹೊಟ್ಟೆ ಒಳಕ್ಕೆ ಹಾಕಿಕೊಂಡು ಪ್ಯಾಂಟಿಗೆ ಅಳತೆ ಕೊಟ್ಟರೆ, ಮದುವೆ ಊಟಕ್ಕೆ ಕೂತಾಗ ಗುಂಡಿ ಎಲ್ಲಿಗೆ ಹಾರುತ್ತದೆ?

ನೀನು ಡ್ರೈವರ್, ನಿನಗೆ ಬಿಡಿಸಿ ಹೇಳಬೇಕು. ಭಾರ ಹೊರುವುದು ಸ್ಪ್ರಿಂಗಿನ ಕೆಲಸ. ಆ ಸ್ಪ್ರಿಂಗು ಕುಣಿಯದ ಹಾಗೆ ಹಿಡಿಯುವುದು ಶಾಕಿನ ಕೆಲಸ. ಹಿಡಿಯಬೇಕಾದರೆ ಅದಕ್ಕೆ ಒಳಗೆ ಹೋಗಲೂ ಜಾಗ ಬೇಕು, ಹೊರಗೆ ಬರಲೂ ಜಾಗ ಬೇಕು. ನಿನ್ನ ಗಾಡಿ ನಾಲ್ಕು ಇಂಚು ಕೆಳಗೆ ಬಂತು, ಶಾಕು ಮಾತ್ರ ಮೊದಲಿನಷ್ಟೇ ಉದ್ದ. ಅದು ನಿಂತಲ್ಲೇ ಪೂರಾ ಮುದುರಿ ಕೂತಿದೆ. ಹಳ್ಳ ಬಂದಾಗ ಇನ್ನೆಲ್ಲಿಗೆ ಹೋಗಬೇಕು? ಅಕ್ಕನ ಸೊಂಟಕ್ಕೆ ಹೋಗುತ್ತಿದೆ. ನಿನಗೆ ಬೇಕಾಗಿರುವುದು ಗಿಡ್ಡ ಶಾಕು. ಎಷ್ಟು ಗಿಡ್ಡ ಅನ್ನುವುದು ಅಳತೆಯಿಂದ ಗೊತ್ತಾಗಬೇಕು.

ಜಾಕ್ ತೆಗೆ. ಸಮತಟ್ಟು ನೆಲದಲ್ಲಿ ಗಾಡಿ ನಿಲ್ಲಿಸು. ಮುಂದೆ ಕೂರುವವರು ಕೂತಿರಲಿ, ಇಲ್ಲವೇ ಅಷ್ಟೇ ತೂಕ ಇಡು. ಆಮೇಲೆ ಬೋಲ್ಟಿನಿಂದ ಬೋಲ್ಟಿಗೆ ಅಳೆದು ಬರೆ. ಅಕ್ಕನ ತೂಕ ಎಷ್ಟು ಅದನ್ನೂ ಬರೆ.

‘ಬರಬೇಕಾಗಿಲ್ಲ’ ಅಂತ ಬೇರೆ ಬರೆದಿದ್ದೀಯ. ಯಾರಪ್ಪಾ ಬರುತ್ತೇನೆ ಅಂದವರು? ‘ನಮ್ಮನೆ ಹೊಸಿಲು ತುಳೀಬೇಡಿ’ ಅಂತ ಅವತ್ತು ನೀನು ಅಂದದ್ದಕ್ಕೂ ಅದೇ ಹುಣಸೆಮರ ಸಾಕ್ಷಿ. ನೀನಾಗಿ ಕರೆಯುವವರೆಗೆ ನಾನು ಆ ದಿಕ್ಕಿಗೆ ತಲೆ ಹಾಕುವವನಲ್ಲ. ಗುಜರಿ ಅಂದದ್ದು ಹೌದು. ಅವತ್ತು ಅದರ ತಳದ ತೂತಿನಲ್ಲಿ ರಸ್ತೆ ಕಾಣುತ್ತಿತ್ತು. ಕಂಡದ್ದು ಹೇಳಿದೆ.

ಇಂತಿ,
ಹುಚ್ಚಯ್ಯ, ಮೆಕ್ಯಾನಿಕ್
(ಗ್ಯಾರೇಜು ಈಗಲೂ ನರಸೀಪುರದಲ್ಲೇ ಇದೆ, ಮುಚ್ಚಿಲ್ಲ)


ಹದಿನಾರು
೨೦ ಜೂನ್ ೨೦೨೪

ಹುಚ್ಚಯ್ಯ ತಾತನಿಗೆ ಕವನಳ ನಮಸ್ಕಾರಗಳು. ಅಜ್ಜಿ ಹೇಳುತ್ತಿದೆ, ನಾನು ಬರೆಯುತ್ತಿದ್ದೇನೆ. ಅಪ್ಪ ಗೊಬ್ಬರ ತರಲು ನಂಜನಗೂಡಿಗೆ ಹೋಗಿದ್ದಾರೆ, ಬರುವುದರೊಳಗೆ ಮುಗಿಸಬೇಕಂತೆ. ಒಂದು ಮಾತೂ ತಿದ್ದಬಾರದು ಅಂತ ಆಣೆ ಹಾಕಿಸಿಕೊಂಡಿದೆ.

ತಮ್ಮಾ ಉಚ್ಚಯ್ಯ,

ಚೆಂದಾಗಿದ್ದೀಯೇನಪ್ಪಾ. ನನ್ ತೂಕ ಕೇಳ್ದಂತೆ. ಯಾಕ್ಲಾ, ಸಂತೆಗೆ ಹೊಡ್ಕೊಂಡು ಓಯ್ತೀಯಾ? ತೂಕ ಯೋಳಕಿಲ್ಲ.

ಒಂದ್ ಮಾತದೆ, ಮಾದಂಗೆ ಯೋಳಬ್ಯಾಡ. ನಾನು ಆ ಗಾಡೀಲಿ ಯಾಕೆ ಕೂರಬೇಕು ಅಂತ ಅವನು ಕೇಳ್ನಿಲ್ಲ, ನಾನೂ ಯೋಳ್ನಿಲ್ಲ. ಮುದುಕಿಗೆ ಆಸೆ ಅಂದ್ಕೊಂಡವ್ನೆ. ನಿನ್ ಭಾವ ಆ ಗಾಡಿ ಓಡಿಸ್ತಿದ್ದಾಗ ಅದು ಇಟ್ಟಿಗೆ ಸಾವ್ಕಾರಂದು. ಮುಂದ್ಲ ಸೀಟು ಸಾವ್ಕಾರಂದು. ನಾನು ಮೂರು ಬಾಣಂತನಕ್ಕೂ ತವರಿಗೆ ಬಂದದ್ದು ಇಟ್ಟಿಗೆ ಮ್ಯಾಲೆ ಕೂತ್ಕೊಂಡೇಯ. ನೀನು ಚಿಕ್ಕೋನು, ಗಾಡಿ ಬತ್ತಿದ್ದಂಗೆ ಓಡ್ ಬಂದು ಇಟ್ಟಿಗೆ ಎಣಿಸ್ತಿದ್ದೆ, ಅಕ್ಕನ್ನ ನೋಡ್ತಿರ್ನಿಲ್ಲ. ಆಮೇಲೆ ಸಾವ್ಕಾರ ಗಾಡಿ ಮಾರ್ದ, ನಿನ್ ಭಾವನೇ ತಗೊಂಡ್ರು. ಆಗಲಾದ್ರೂ ಮುಂದೆ ಕೂತ್ಕೊಂಡ್ನಾ? ಮಾವ ಕೂತ್ರು, ಮೈದ ಕೂತ, ಬಂದ ನೆಂಟ್ರು ಕೂತ್ರು. ನಾನು ಹಿಂದ್ಗಡೆ ಕೋಳಿ ಜೊತೆ. ಆಮ್ಯಾಕೆ ಅವ್ರೂ ಓದ್ರು, ಗಾಡೀನೂ ನಿಂತೋಯ್ತು.

ಇನ್ನೊಂದೇ ಆಸೆ ಕಣಪ್ಪಾ ನಂಗಿರೋದು. ಆ ಮುಂದ್ಲ ಸೀಟಲ್ಲಿ ಕೂತು, ಗಾಜಿಳಿಸ್ಕೊಂಡು, ತವರಿಗೆ ಬರಬೇಕು. ನೀನು ಕಟ್ಟಿರೋ ಮನೇನ ನಾನು ಕಣ್ಣಲ್ಲಿ ಕಂಡೇ ಇಲ್ಲ. ಆದ್ರೆ ತವರೋರು ಬಂದು ಕರೀದೆ ಹೆಣ್ಣು ಎಂಗ್ಲಾ ಓದಾಳು? ಒಂಬತ್ ವರ್ಸ ಕಾದೆ. ನೀವಿಬ್ರೂ ಮೂತಿ ತಿರುವ್ಕೊಂಡು ಕೂತ್ರಿ. ನಿಮ್ ಜಗಳದಲ್ಲಿ ಕಳಕೊಂಡೋಳು ನಾನು.

ಬಂದು ಕರೆಯೋ ತಮ್ಮಾ.

(ಇಲ್ಲಿ ಅಜ್ಜಿ ಕಾಗದದ ಮೇಲೆ ಕೈ ಅಡ್ಡ ಇಟ್ಟಿತು. ಆಮೇಲೆ “ಅದು ಬ್ಯಾಡ, ಮಳೆ ಬೆಳೆ ಎಂಗೆ ಅಂತ ಬರಿ” ಅಂತು. ನಾನು ಎರಡನ್ನೂ ಬರೆದಿದ್ದೇನೆ. ಕವನ.)

ಮಳೆ ಬೆಳೆ ಎಂಗೆ?

ನಿನ್ನಕ್ಕ,
ಮರಿತಾಯಮ್ಮ (ಹೆಬ್ಬೆಟ್ಟು)


ಹದಿನಾರು
೨೭ ಜೂನ್ ೨೦೨೪

ಮಾವನವರಿಗೆ ನಮಸ್ಕಾರ.

ನೀವು ಹೇಳಿದ ಹಾಗೇ ಮಾಡಿದ್ದೇನೆ. ಮನೆ ಮುಂದಿನ ಸಿಮೆಂಟ್ ರಸ್ತೆಯಲ್ಲಿ ಗಾಡಿ ನಿಲ್ಲಿಸಿದೆ. ಗಾಡಿ ಸರಿಯಾಗುವವರೆಗೆ ಅವ್ವ ಅದರಲ್ಲಿ ಕೂರುವುದಿಲ್ಲ, ತೂಕವನ್ನೂ ಹೇಳುವುದಿಲ್ಲ. ರೇಷನ್ ಅಂಗಡಿಯ ತಕ್ಕಡಿಗೆ ಬಾ ಅಂದದ್ದಕ್ಕೆ ಮೂರು ದಿನ ನನ್ನ ಕಡೆ ನೋಡಲಿಲ್ಲ. ಕೊನೆಗೆ ಕವನ ಹಿಂದಿನಿಂದ ಹೋಗಿ ಮುದ್ದು ಮಾಡುವ ಹಾಗೆ ತಬ್ಬಿಕೊಂಡು, ಒಂದು ಗೇಣು ಮೇಲಕ್ಕೆತ್ತಿ ನೋಡಿ, “ಒಂದು ಅಕ್ಕಿ ಮೂಟೆಗೆ ಎರಡು ಕೆಜಿ ಕಮ್ಮಿ” ಅಂದಳು. ಅವಳ ಬೆನ್ನಿಗೆ ಒಂದು ಬಿತ್ತು. ಆದ್ದರಿಂದ ಅವ್ವನ ಜಾಗದಲ್ಲಿ ಒಂದು ಮೂಟೆ, ನನ್ನ ಜಾಗದಲ್ಲಿ ಒಂದೂವರೆ ಮೂಟೆ ಕೂರಿಸಿದೆ.

ಅವತ್ತು ಅಳೆದ ನನ್ನ ಕಬ್ಬಿಣದ ಟೇಪು ಮಳೆಗೆ ನೆಂದು ತುಕ್ಕು ಹಿಡಿದು ಹೊರಗೇ ಬರಲಿಲ್ಲ. ನನ್ನ ಹೆಂಡತಿ ಕೋಮಲ ಹೊಲಿದಿದ್ದ ಬ್ಲೌಸುಗಳನ್ನು ಕೊಡಲು ನಂಜನಗೂಡಿಗೆ ಹೋಗಿದ್ದಳು. ಅವಳ ಮಿಷನ್ನಿನ ಡ್ರಾಯರಿನಿಂದ ಬಟ್ಟೆ ಅಳೆಯುವ ಟೇಪು ತೆಗೆದುಕೊಂಡೆ. ತುದಿಯಲ್ಲಿ ಅಂಕಿಗಳೆಲ್ಲ ಸವೆದಿವೆ, ಆದರೂ ಅಳೆಯಲು ಏನೂ ತೊಂದರೆಯಿಲ್ಲ, ನನಗಿನ್ನೂ ಕನ್ನಡಕ ಬಂದಿಲ್ಲ. ಎರಡು ಸಲ ಅಳೆದೆ. ಎರಡು ಸಲವೂ ಹದಿನೈದು ಇಂಚು. ಅವ್ವ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಮೊದಲಿಂದ ಕೊನೆತನಕ ನೋಡುತ್ತಾ ಕೂತಿದ್ದಳು. ಒಂದು ಮಾತೂ ಆಡಲಿಲ್ಲ. ನಮ್ಮ ಮನೆಯ ಇತಿಹಾಸದಲ್ಲಿ ಇದೇ ಮೊದಲು.

ತಳದ ತೂತನ್ನು ಮುಚ್ಚಿಸಿ ಏಳು ವರ್ಷವಾಯಿತು. ತಿಳಿದಿರಲಿ.

ಇಂತಿ,
ಚಿಕ್ಕಮಾದು


ನರಸೀಪುರ
೧೪ ಜುಲೈ ೨೦೨೪

ಮಾದೂಗೆ,

ಹದಿನೈದು ಅಂತ ಬರೆದಿದ್ದೀಯ. ನನ್ನ ಲೆಕ್ಕಕ್ಕೆ ಹದಿಮೂರರ ಆಸುಪಾಸು ಬರಬೇಕಿತ್ತು. ಎರಡೆರಡು ಸಲ ಅಳೆದೆ ಅನ್ನುತ್ತೀಯ, ನಂಬುತ್ತೇನೆ. ಆ ಮಹಾದೇವಸ್ವಾಮಿ ಬಾಯಲ್ಲಿ ನಾಲ್ಕು ಇಂಚು ಹೇಳಿ ಕೈಯಲ್ಲಿ ಎರಡೇ ಇಳಿಸಿರಬೇಕು.

ಹದಿನೈದಕ್ಕೆ ಸರಿಹೋಗುವ ಶಾಕು ಹುಡುಕಲು ಎರಡು ವಾರ ಹಿಡಿಯಿತು. ಪೂರಾ ಮುದುರಿದರೆ ಹನ್ನೆರಡು, ಪೂರಾ ಚಾಚಿದರೆ ಹದಿನೆಂಟು. ನಡುಮಧ್ಯ ನಿಲ್ಲುತ್ತದೆ. ಸಂಜೆಯ ನಂಜನಗೂಡು ಬಸ್ಸಿನ ಕಂಡಕ್ಟರ್ ಮಂಟೇಸ್ವಾಮಿ ಕೈಯಲ್ಲಿ ಕಳಿಸುತ್ತಿದ್ದೇನೆ, ಹೋಗಿ ಇಳಿಸಿಕೋ. ಶಾಕಿನ ರಬ್ಬರ್ ಬುಶ್ಶಿನ ನಟ್ಟುಗಳನ್ನು ಗಾಡಿ ನೆಲಕ್ಕಿಳಿದ ಮೇಲೆ ಕೊನೆಯದಾಗಿ ಬಿಗಿ ಮಾಡು. ಗಾಳಿಯಲ್ಲಿದ್ದಾಗಲೇ ಬಿಗಿದರೆ ರಬ್ಬರು ತಿರುಚಿಕೊಂಡು ಹರಿಯುತ್ತದೆ. ಜಾಕ್ ಕಂಡರೆ ನಿನಗೆ ಪ್ರೀತಿ ಜಾಸ್ತಿ, ಅದಕ್ಕೇ ಹೇಳಿದೆ.

ಇನ್ನೊಂದು. ನಿನ್ನ ಎರಡೂ ಕಾಗದಗಳನ್ನು ಮತ್ತೆ ಮತ್ತೆ ಓದಿದೆ. ಎರಡರಲ್ಲೂ ಕೊನೆಯಲ್ಲಿ ಒಂದು ಸಾಲು ಬಿಟ್ಟುಹೋದ ಹಾಗಿದೆ. ಮರೆತಿದ್ದರೆ ಮುಂದಿನದರಲ್ಲಿ ಬರೆ. ನನಗೇನೂ ಅರ್ಜೆಂಟಿಲ್ಲ. ಅಕ್ಕನಿಗೆ ವಯಸ್ಸಾಗುತ್ತಿದೆ.

ಮಳೆ ಬೆಳೆ ಪರವಾಗಿಲ್ಲ ಅಂತ ಹೇಳು.

ಇಂತಿ,
ಹುಚ್ಚಯ್ಯ


ಹದಿನಾರು
೨೪ ಜುಲೈ ೨೦೨೪

ಮಾವನವರಿಗೆ,

ನಮಸ್ಕಾರವನ್ನು ಕೊನೆಯಲ್ಲಿ ಹೇಳುತ್ತೇನೆ, ಈಗ ಸಿಟ್ಟಿನಲ್ಲಿದ್ದೇನೆ.

ನೀವು ಕಳಿಸಿದ ಶಾಕುಗಳನ್ನು ನೀವು ಹೇಳಿದ ಹಾಗೇ ಹಾಕಿದೆ. ಮೊದಲು ಢಬ್ ಅನ್ನುತ್ತಿತ್ತು, ಈಗ ಡಬ್ ಅನ್ನುತ್ತಿದೆ. ಎರಡು ವಾರ ಹುಡುಕಿ ನೀವು ಕಡಿಮೆ ಮಾಡಿದ್ದು ಅಷ್ಟೇ. ಅವ್ವನನ್ನು ಬೇಡಿಕೊಂಡು ಹತ್ತಿಸಿ ಮತ್ತೆ ಕೆರೆ ಏರಿಗೆ ಹೋದೆ. ಎರಡನೇ ಹಳ್ಳಕ್ಕೇ “ನಿಲ್ಸು” ಅಂದಳು. ಇಳಿದಳು. ಬಾಗಿಲು ಹಾಕುವಾಗ, ದಾರಿಯಲ್ಲಿ ಹೋಗುವವರಿಗೆಲ್ಲ ಕೇಳುವ ಹಾಗೆ, “ನಿನ್ ಮಾವ ಯೋಳಿದ್ದು ದಿಟ ಕಣ್ಲಾ. ಇದು ಗುಜರೀನೇಯ” ಅಂದಳು. ಹೆತ್ತ ತಾಯಿ ಅಂದಳು. ನಮ್ಮಪ್ಪನ ಗಾಡಿಯನ್ನು.

ನಾನು ಯೋಚಿಸಿ ನೋಡಿದೆ. ಐವತ್ತು ವರ್ಷದಿಂದ ಗಾಡಿ ಕೆಳಗೆ ಮಲಗಿದವರು ನೀವು, ನಿಮಗೆ ಶಾಕು ಗೊತ್ತಿಲ್ಲ ಅಂದರೆ ಯಾರೂ ನಂಬುವುದಿಲ್ಲ. ಈ ಗಾಡಿ ಗುಜರಿ ಅಂತ ಊರೆದುರು ಸಾಬೀತು ಮಾಡಲು ಬೇಕೆಂದೇ ತಪ್ಪು ಶಾಕು ಕಳಿಸಿದ್ದೀರಿ. ಇಲ್ಲ ಅನ್ನುವುದಾದರೆ, ಧೈರ್ಯವಿದ್ದರೆ, ನೀವೇ ಬಂದು ನೋಡಿ.

ನಮಸ್ಕಾರ.

ಇಂತಿ,
ಚಿಕ್ಕಮಾದು


ಸೋಮನಾಥಪುರ
೨೯ ಜುಲೈ ೨೦೨೪

ಮಾದೂಗೆ,

ನೀನು ಬರೆದದ್ದನ್ನು ಬೇರೆ ಯಾರಾದರೂ ಬರೆದಿದ್ದರೆ ಅವರ ಗಾಡಿಯ ನಾಲ್ಕು ಚಕ್ರವನ್ನೂ ಬಿಚ್ಚಿ ಹೊಳೆಗೆ ಉರುಳಿಸುತ್ತಿದ್ದೆ. ಅಕ್ಕ ಕೂರುವ ಗಾಡಿಗೆ ನಾನು ಬೇಕೆಂದೇ ತಪ್ಪು ಶಾಕು ಕಳಿಸುತ್ತೇನಾ? ಅದನ್ನು ಓದಿ ಎರಡು ದಿನ ಊಟ ಸೇರಲಿಲ್ಲ.

ಆದರೆ ಕೊನೆಯಲ್ಲಿ ‘ಬಂದು ನೋಡಿ’ ಅಂತ ಬರೆದಿದ್ದೀಯ. ನಿನ್ನ ಕೈಬರಹ, ನಿನ್ನ ಸಹಿ. ಅದನ್ನು ನೀನು ಕರೆದದ್ದು ಅಂತಲೇ ತೆಗೆದುಕೊಳ್ಳುತ್ತೇನೆ. ಕಾಗದವನ್ನು ಎತ್ತಿಟ್ಟಿದ್ದೇನೆ, ನಾಳೆ ಇಲ್ಲ ಅನ್ನಬೇಡ.

ಆಗಸ್ಟ್ ನಾಲ್ಕು, ಭಾನುವಾರ, ಬೆಳಗಿನ ಬಸ್ಸಿಗೆ ಬರುತ್ತೇನೆ. ಹನ್ನೆರಡರ ಶಾಕು ಒಂದು ಜೊತೆ ನಿನ್ನಲ್ಲಿದೆ. ಪೂರಾ ಮುದುರಿದರೆ ಹತ್ತು, ಚಾಚಿದರೆ ಹದಿನೈದು ಆಗುವ ಜೊತೆಯೊಂದನ್ನು ತರುತ್ತೇನೆ. ನನ್ನ ಮನಸ್ಸು ಮೊದಲಿಂದಲೂ ಹದಿಮೂರು ಅಂತಲೇ ಹೇಳುತ್ತಿದೆ. ನನ್ನ ಸ್ವಂತ ಟೇಪೂ ತರುತ್ತೇನೆ. ನಾನೂ ಮಾತಾಡುವುದಿಲ್ಲ, ಹೆದರಬೇಡ.

ಹುಚ್ಚಯ್ಯ


ಸೋಮನಾಥಪುರ
೧೧ ಆಗಸ್ಟ್ ೨೦೨೪

ಅಮ್ಮನಿಗೆ ಕವನ ಮಾಡುವ ನಮಸ್ಕಾರ. ಇದು ಅಜ್ಜಿಯ ಕಾಗದ, ನಿನ್ನ ಹೆಸರಿಗೆ. ನೀನೊಬ್ಬಳೇ ಇದ್ದಾಗ ಓದಬೇಕಂತೆ. ಫೋನು ಮಾಡೋಣ ಅಂದರೆ “ಫೋನು ಅಂದ್ರೆ ಪಕ್ಕದಲ್ಲಿರೋರ್ಗೂ ಕೇಳ್ತದೆ” ಅಂತು.

ಕೋಮಲವ್ವಾ,

ನಾನು ಚೆಂದಾಗಿದ್ದೀನಿ ಕಣವ್ವಾ. ಉಚ್ಚಯ್ಯ ಕಟ್ಟಿರೋ ಮನೆ ದೊಡ್ಡದಾಗದೆ. ಕಿಟಕಿ ವಸಿ ಚಿಕ್ಕವು, ಯೋಳಿದ್ದೀನಿ. ದಿನಾ ಮೀನ್ಸಾರು ಮಾಡಿಸ್ತಾನೆ. ನಾನು ಇನ್ನೂ ಎಂಟು ದಿನ ಬರಕಿಲ್ಲ.

ಅವತ್ತು ಮನೆ ಮುಂದೆ ನಡೆದ ನಾಟಕ ನೀನೇ ಕಂಡಿದ್ದೀಯ. ಇಬ್ರೂ ಗಾಡಿ ಕೆಳಗೆ ಮಲಗವ್ರೆ, ಮೊಣಕೈಗೆ ಮೊಣಕೈ ತಗಲ್ತಾ ಅದೆ, ಅವನು “ಅಕ್ಕಾ, ನಿನ್ ಮಗಂಗೆ ಸ್ಪಾನರ್ ಕೊಡಕ್ಕೆ ಯೋಳು” ಅನ್ನೋದು, ಇವನು “ಅವ್ವಾ, ನಿನ್ ತಮ್ಮಂಗೆ ಬೆರಳು ತೆಗಿಯಕ್ಕೆ ಯೋಳು” ಅನ್ನೋದು. ಉಚ್ಚಯ್ಯನ ಟೇಪಲ್ಲಿ ಹದಿಮೂರೇ ಬಂತು. ಆಗ ಮಾದ ತಲೆ ಕೆರ್ಕೊಂಡಿದ್ದೇ ಕೆರ್ಕೊಂಡಿದ್ದು. ತಂದಿದ್ದ ಶಾಕು ಕೂರ್ಸಿದ್ಮೇಲೆ ಉಚ್ಚಯ್ಯ “ಬಾರಕ್ಕಾ, ತವರಿಗೆ ಓಗಾಣ” ಅಂದಿದ್ದೂ ನೀನೇ ಕೇಳಿದ್ದೀಯ.

ಆಮೇಲೆ ದಾರೀಲಿ ಏನಾಯ್ತು ಅಂತ ಮಾದ ನಿಂಗೆ ಯೋಳಿರಕಿಲ್ಲ. ಅವನು ‘ಬುಟ್ ಬಂದೆ’ ಅಂದಿರ್ತಾನೆ ಅಷ್ಟೇಯ. ನಾನು ಯೋಳ್ತೀನಿ ಕೇಳು.

ಮುಂದ್ಗಡೆ ಮೂರು ಜನಕ್ಕೆ ಜಾಗ. ಮಾದ, ನಾನು, ಕವನ. ಉಚ್ಚಯ್ಯ ಬಂದು ಮಗೀಗೆ “ನೀನು ಹಿಂದ್ಕೋಗು ಮಗ” ಅಂದ. ನಾನು ಅಂದೆ, “ಹೆಣ್ಮಗ ಹಿಂದ್ಕೋಗಕಿಲ್ಲ. ಆಗಿದ್ ಆಯ್ತು. ಇವತ್ತು ನೀನು ಓಗು.” ತಲೆಗೆ ಟವಲ್ ಸುತ್ಕೊಂಡು ಹಿಂದೆ ಓಗಿ ಸ್ಟೆಪ್ನಿ ಮ್ಯಾಲೆ ಕೂತ್ಕೊಂಡ ಕಣವ್ವಾ, ಬಾಯ್ ಮುಚ್ಕೊಂಡು.

ಇಷ್ಟ್ ವರ್ಸ ನಾನು ರೋಡು ಹಿಂದಕ್ಕೆ ಓಡೋಗೋದನ್ನೇ ನೋಡಿದ್ದೆ. ಎದುರಿಗೆ ಬರೋದನ್ನ ಅವತ್ತೇ ನೋಡಿದ್ದು. ಗದ್ದೆ, ಮರ, ಬಸ್ಸು ಎಲ್ಲಾ ನನ್ ಕಡೀಕೇ ಬತ್ತಾ ಅವೆ. ಗಾಜು ಪೂರಾ ಇಳ್ಸಿದ್ದೆ. ಮುಖಕ್ಕೆ ಗಾಳಿ ಹೊಡೀತಿತ್ತು. ನಂಗೆ ಅಳು ಬಂತು, ಅತ್ಬುಟ್ಟೆ. ನಿನ್ನ ಹತ್ರ ಮುಚ್ಚಿಡೋದೇನು.

ನರಸೀಪುರದ ಸೇತುವೆಗೆ ಮುಂಚೆ ಒಂದು ದೊಡ್ಡ ಹಂಪು ಅದೆ. ಮಾದ ಜೋರಾಗೇ ಓಯ್ತಿದ್ದ. ಹಿಂದಿನಿಂದ ಉಚ್ಚಯ್ಯ ಗಾಜಿಗೆ ದಬದಬ ಬಡಿದು, “ಹಂಪು ಕಣ್ಲಾ ಮಾದಾ! ಅಕ್ಕ ಅವ್ಳೆ, ನಿಧಾನ!” ಅಂತ ಕಿರುಚ್ದ. ಮಾದ, “ಕಂಡಿವ್ನಿ ಕಣ್ ಮಾವಾ, ನಂಗೂ ಕಣ್ಣವೆ!” ಅಂದ್ಬುಟ್ಟ.

ಅಂದ್ಮೇಲೆ ಇಬ್ರಿಗೂ ಗೊತ್ತಾಯ್ತು. ಒಂಬತ್ ವರ್ಸದ ಆಣೆ ಹಂಪಲ್ಲಿ ಬಿದ್ದೋಯ್ತು. ಗಾಡಿ ಹಂಪು ಹತ್ತಿ ಇಳೀತು ಕಣವ್ವಾ, ನಂಗೆ ಇಳಿದದ್ದೇ ಗೊತ್ತಾಗ್ನಿಲ್ಲ. ಬಾಯಲ್ಲಿದ್ದ ಎಲೆ ಬಾಯಲ್ಲೇ ಇತ್ತು. ವಸಿ ಹೊತ್ತಾದ್ಮೇಲೆ ಹಿಂದಿನಿಂದ ಉಚ್ಚಯ್ಯ, “ಗುಜರಿ ಅಲ್ಲ ಬುಡ್ಲಾ ಇದು” ಅಂದ. ಮಾದ ಟವಲಲ್ಲಿ ಕಣ್ಣೊರೆಸ್ಕೊಂಡ. ಯಾಕ್ಲಾ ಅಂದ್ರೆ “ಧೂಳು ಅವ್ವ” ಅಂದ. ಮಳೆ ಬಂದು ರೋಡೆಲ್ಲಾ ನೆಂದಿತ್ತು.

ಈಗ ನಿಂಗೊಂದು ಗುಟ್ಟು. ಮೇಕೆಮರಿ ನಿನ್ ಟೇಪಿನ ತುದಿ ಎಲ್ಡು ಇಂಚು ತಿಂದಿದ್ದು ನಿಂಗೊತ್ತು, ನಂಗೊತ್ತು. ನೀನು ಮನಸಲ್ಲೇ ಎಲ್ಡು ಕಳೆದು ಬಟ್ಟೆ ಕತ್ತರಿಸ್ತೀಯ. ಮಾದಂಗೆ ಏನ್ ಗೊತ್ತು? ಅವನು ಅದರಲ್ಲಿ ಅಳೆಯೋವಾಗ ನಾನು ಪಕ್ಕದಲ್ಲೇ ಕೂತಿದ್ದೆ. ಯೋಳಬೇಕು ಅಂತ ಬಾಯಿಗೆ ಬಂತು. ಆಮೇಲೆ ಯೋಚ್ನೆ ಮಾಡ್ದೆ. ಸರಿ ಅಳತೆ ಅಲ್ಲಿಗೆ ಓದ್ರೆ ಬಸ್ಸಲ್ಲಿ ಶಾಕು ಬತ್ತದೆ, ನನ್ ತಮ್ಮ ಬರಕಿಲ್ಲ. ಅದುಕ್ಕೇ ನಾಲಿಗೆ ಕಚ್ಕೊಂಡು ಕೂತೆ. ಅವ್ರಿಬ್ರೂ ಒಂಬತ್ ವರ್ಸ ಮಾತು ನುಂಗವ್ರೆ. ನಾನು ಎಲ್ಡು ಇಂಚು ನುಂಗಿದ್ದು ದೊಡ್ಡದಾ? ಗುಜರಿ ಅಂದಿದ್ದೂ ಬಾಯಿ ಮಾತಿಗೆ ಕಣವ್ವಾ. ನಿನ್ ಮಾವನ ಗಾಡೀನ ಅಂದಿದ್ಕೆ ಮನೆಗೆ ಬಂದು ಅವ್ರ ಫೋಟೋಕ್ಕೆ ಕೈ ಮುಗಿದೆ.

ಮಾದ ಮೊನ್ನೆ ಫೋನ್ ಮಾಡಿ, ಮಾವ ಅಳಿಯ ಒಂದು ಗಂಟೆ ಮಾತಾಡಿದ್ರು. ಹಿಂದಿನ ಶಾಕುಗಳನ್ನೂ ಬದಲಾಯಿಸ್ಬೇಕಂತೆ. “ನೀವು ಬರಬ್ಯಾಡಿ ಮಾವ, ನಾನೇ ಅಳೆದು ಯೋಳ್ತೀನಿ” ಅಂದವ್ನೆ.

ಅಳೀಲಿ. ನೀನು ಹೊಸ ಟೇಪು ತಗೋಬ್ಯಾಡ.

ನಿನ್ನತ್ತೆ,
ಮರಿತಾಯಮ್ಮ